ಪಾಪಕ್ಕೊಂದು ಹಳದಿ ಚೀಟಿ

ಪಾಪವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ ಎಂದು ನಮ್ಮ ಚರ್ಚಿನ ಫಾದರ್ ಪ್ರಸಂಗದಲ್ಲಿ ಹೇಳುತ್ತಿರುತ್ತಾರೆ. ಅವರು ಹೊಸಬರು, ಗೊತ್ತಿಲ್ಲ. ಪಾಪವನ್ನು ಕಣ್ಣಾರೆ ಕಂಡು, ಕೈಯಲ್ಲಿ ಹಿಡಿದು, ಅಳತೆ ತೆಗೆದು, ಚೀಟಿ ಕಟ್ಟಿ ಪಕ್ಕಕ್ಕಿಟ್ಟ ಮನುಷ್ಯರು ಈ ಭೂಮಿಯ ಮೇಲೆ ಒಬ್ಬರಿದ್ದಾರೆ. ಎಲ್ಲೋ ರೋಮ್ ಪಟ್ಟಣದಲ್ಲಲ್ಲ, ಚಿಕ್ಕಬಾಣಾವರದ ಈಚೆ, ನಮ್ಮ ಮನೆಯ ಗೋಡೆಗೆ ಅಂಟಿಕೊಂಡ ಪಕ್ಕದ ಭಾಗದಲ್ಲಿ. ನನ್ನ ಗಂಡನ ಅಣ್ಣ. ನನಗೆ ಭಾವ, ನಿಮಗೆ ದೊಡ್ಡತಾತ!

ಹೋದ ತಿಂಗಳು ನಿಮ್ಮಲ್ಲಿ ಚಿಕ್ಕವಳು ಫೋನಿನಲ್ಲಿ ಕೇಳಿದಳಲ್ಲ, “ಅಜ್ಜೀ, ನಿಮ್ಮಲ್ಲಿ ಪಾಪ ಅಂದ್ರೆ ಏನೇ ಅಂತ ಫ್ರೆಂಡ್ಸ್ ಕೇಳ್ತಾರೆ, ನಾನೇನ್ ಹೇಳ್ಲಿ?” ಎಂದು. ನಾನು “ಆಮೇಲೆ ಹೇಳ್ತೀನಿ ಮಗಳೇ” ಎಂದು ಇಟ್ಟುಬಿಟ್ಟೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು ನಾನು. ಫೋನಿನಲ್ಲಿ ಮಾತಾಡುವುದೆಂದರೆ ಈಗಲೂ ಸೆರಗು ಸರಿಮಾಡಿಕೊಳ್ಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪಾಪವೆಂದರೇನು ಎಂದು ನನಗೆ ಸರಿಯಾಗಿ ತಿಳಿಯದು. ಆದರೆ ಅದನ್ನು ತಿಳಿಸಿಕೊಡಲು ಒಬ್ಬರು ಐದು ವರ್ಷ ನನ್ನ ಪ್ರಾಣ ತಿಂದ ಬಗೆಯನ್ನು ಬರೆಯಬಲ್ಲೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ತಾತ ತೀರಿಕೊಂಡ ಮೇಲೆ ಆರು ವರ್ಷ ನಾನು ಪರಮಪ್ರಸಾದ ತೆಗೆದುಕೊಳ್ಳಲಿಲ್ಲ. ಭಾನುವಾರ ಪೂಜೆಗೆ ಹೋಗುತ್ತಿದ್ದೆ. ಎಲ್ಲರೂ ಎದ್ದು ಸಾಲಿನಲ್ಲಿ ಮುಂದಕ್ಕೆ ಹೋಗುವಾಗ ನಾನು ಮಾತ್ರ ಹಿಂದಿನ ಕಂಬದ ಮರೆಯಲ್ಲಿ ಕುಳಿತಿರುತ್ತಿದ್ದೆ. ಮನಸ್ಸಿನಲ್ಲಿ ದೊಡ್ಡ ಭಾರ ಇಟ್ಟುಕೊಂಡವರು ಮೊದಲು ಪಾಪನಿವೇದನೆ ಮಾಡಬೇಕು, ಆಮೇಲೆ ಪ್ರಸಾದ. ನನಗೆ ಫಾದರ್ ಕುಳಿತು ಕೇಳುವ ಆ ಮರದ ಗೂಡಿನ ಮುಂದೆ ಮೊಣಕಾಲೂರಿ ಬಾಯಿ ಬಿಡುವುದಕ್ಕೆ ಆಗಲಿಲ್ಲ. ಊರಿನವರು ದುಃಖ ಎಂದುಕೊಂಡರು, ಒಳ್ಳೆಯದೇ ಆಯಿತು. ಭಾವನವರು ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ನನ್ನನ್ನು ಆ ಕಂಬದ ಮರೆಯಿಂದ ಎಬ್ಬಿಸದೆ ತಾವು ಕಣ್ಣು ಮುಚ್ಚುವುದಿಲ್ಲ ಎಂದು ಹಟ ಹಿಡಿದರು.

ಅವರು ಹಟ ಹಿಡಿದರೆ ಏನಾಗುತ್ತದೆ ಎಂಬುದು ನಿಮಗೆ ತಿಳಿಯಬೇಕಾದರೆ ಅವರ ಉದ್ಯೋಗ ತಿಳಿಯಬೇಕು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಅಲ್ಲಿ ಲಾರಿಗಳ ಬ್ರೇಕಿಗೆ ಹಾಕುವ ಪಿನ್ನು ತಯಾರಾಗುತ್ತಿತ್ತು. ಭಾವನವರದು ತಯಾರಿಸುವ ಕೆಲಸವಲ್ಲ, ತಯಾರಿಸಿದವರ ತಪ್ಪು ಹುಡುಕುವ ಕೆಲಸ. ಅಳತೆ ಸರಿಯಿದ್ದರೆ ಪೆಟ್ಟಿಗೆಗೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿ ಮತ್ತೆ ತಿದ್ದಬಹುದಾಗಿದ್ದರೆ ಹಳದಿ ಚೀಟಿ. ತಿದ್ದುವುದಕ್ಕೇ ಬಾರದಂತೆ ಕೆಟ್ಟಿದ್ದರೆ ಕೆಂಪು ಚೀಟಿ, ಗುಜರಿಗೆ. ಒಬ್ಬ ಮನುಷ್ಯ ಮೂವತ್ತೊಂದು ವರ್ಷ ಬೆಳಗಿನಿಂದ ಸಂಜೆಯವರೆಗೆ ತಪ್ಪನ್ನೇ ಹುಡುಕುತ್ತಾ ಕುಳಿತರೆ ಅವನ ಕಣ್ಣು ಏನಾಗಬೇಡ? ತಟ್ಟೆಯಲ್ಲಿ ಮುದ್ದೆ ಇಟ್ಟರೆ ಅದನ್ನು ಒಂದು ಸುತ್ತು ತಿರುಗಿಸಿ ನೋಡದೆ ಕೈ ಹಾಕುತ್ತಿರಲಿಲ್ಲ.

“ಎಡಗಡೆ ಒಂಚೂರು ಚಪ್ಪಟೆ ಆಗೈತೆ ಕಣಮ್ಮ.”

ಹೊಟ್ಟೆಗೆ ಹೋದ ಮೇಲೆ ದುಂಡಗಾಗುತ್ತದೆ, ತಿನ್ನಿ ಭಾವ, ಎನ್ನಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಅನ್ನುತ್ತಿರಲಿಲ್ಲ. ಭಾವನ ಎದುರು ಅಷ್ಟು ಮಾತಾಡುವ ಹೆಂಗಸು ನಮ್ಮ ಕಾಲದಲ್ಲಿ ಹುಟ್ಟಿರಲಿಲ್ಲ. ಅವರು ಮದುವೆಯಾಗಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಕೂದಲೆಳೆಯಷ್ಟು ಏನೋ ಕಂಡಿರಬೇಕು ಎಂದು ನನ್ನ ಊಹೆ!

ನಿಮ್ಮ ತಾತ ಹೋದ ಮರುವರ್ಷ ಭಾವನವರು ನಿವೃತ್ತರಾದರು. ಕೊನೆಯ ದಿನ ಕಾರ್ಖಾನೆಯವರು ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದರ ಜೊತೆಗೆ ಚೀಲದಲ್ಲಿ ಇನ್ನೊಂದು ವಸ್ತು ಬಂತು: ದಾರ ಪೋಣಿಸಿದ ಹಳದಿ ಚೀಟಿಗಳ ಒಂದು ದೊಡ್ಡ ಕಟ್ಟು. ಯಾರನ್ನೂ ಕೇಳದೆ ತಂದದ್ದು. ಮನೆಗೆ ಬಂದು ಕುಳಿತ ಮೇಲೆ ಅವರಿಗೆ ಅದು ಕಳ್ಳತನ ಎಂದು ಹೊಳೆಯಿತು. ಕೂಡಲೇ ಕಟ್ಟಿನಿಂದ ಒಂದು ಚೀಟಿ ಕಿತ್ತು ಅಂಗಿಯ ಮೇಲಿನ ಗುಂಡಿಗೆ ಕಟ್ಟಿಕೊಂಡರು. ಚೀಟಿ ಕದ್ದ ಪಾಪಕ್ಕೆ ಕದ್ದ ಚೀಟಿಯೇ!

ಅಂದಿನಿಂದ ಅದೇ ಅಭ್ಯಾಸವಾಯಿತು. ವಾರದಲ್ಲಿ ಒಂದು ತಪ್ಪಾದರೆ ಒಂದು ಚೀಟಿ. ಸಿಟ್ಟು, ಸುಳ್ಳು, ಯಾರನ್ನಾದರೂ ಆಡಿಕೊಂಡದ್ದು, ಪೂಜೆಯಲ್ಲಿ ತೂಕಡಿಸಿದ್ದು, ಎಲ್ಲದಕ್ಕೂ. ಶನಿವಾರ ಸಂಜೆ ಪಾಪನಿವೇದನೆ ಮುಗಿಸಿ ಬರುವವರೆಗೆ ಅವು ಎದೆಯ ಮೇಲೆ ಓಲಾಡುತ್ತಿದ್ದವು. ಅದೇ ವೇಷದಲ್ಲಿ ಅಂಗಡಿಗೆ, ಅದೇ ವೇಷದಲ್ಲಿ ಬಸ್ಸಿಗೆ. ಆಗ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಬಸ್ಸು ಒಂದೊಂದು ಕಂಬದ ಬಳಿಯೂ ಕಾಲು ಗಂಟೆ ನಿಲ್ಲುತ್ತಿತ್ತು. ಜನಕ್ಕೆ ನೋಡಲು ಬೇರೆ ಏನಿದೆ?

“ಏನ್ ಸಾರ್, ಮೂರು ಚೀಟಿ ಕಟ್ಕೊಂಡಿದೀರ, ಸೇಲ್‌ಗಿದೀರಾ?” ಎಂದ ಕಂಡಕ್ಟರು.

“ಇಲ್ಲಪ್ಪಾ, ರಿಪೇರಿಗೆ ಹೋಗ್ತಾ ಇದೀನಿ,” ಎಂದರು ಭಾವ.

ನಮ್ಮ ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಟೀಚರಮ್ಮ ಬಾಡಿಗೆಗೆ ಇದ್ದರು. ವಿಭೂತಿ ಇಟ್ಟುಕೊಂಡು, ಲಿಂಗಪೂಜೆ ಮುಗಿಸಿ, ಎಂಟಕ್ಕೆ ಮೆಟ್ಟಿಲಿಳಿದು ಬರುವವರು. ಅವರು ಮೊದಲು ಅದನ್ನು ಲಾಂಡ್ರಿಯ ಚೀಟಿ ಎಂದುಕೊಂಡರು. ಭಾವನವರು ನಿಂತಲ್ಲೇ ಎಲ್ಲವನ್ನೂ ವಿವರಿಸಿದರು. ಟೀಚರಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡರು. “ಅಯ್ಯ ನಮ್ಮವ್ವ! ಹಿಂಗ ಎಲ್ಲಾರೂ ಕಟ್ಗೊಂಡ್ರ ಬೆಂಗಳೂರಾಗ ದಾರ ಸಾಲ್ತದೇನ್ರೀ ಅಣ್ಣಾರ?”

ನನಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ, “ಇದೆಲ್ಲ ಯಾಕೆ ಭಾವ? ಮನಸ್ಸಿನಲ್ಲಿ ಇಟ್ಕೊಂಡ್ರೆ ಸಾಲದಾ?”

“ಅಂಗಲ್ಲ ಕಣಮ್ಮ. ತಪ್ಪಾಗೋದು ದೊಡ್ಡದಲ್ಲ. ಮಿಷನ್ ಅಂದ್ಮೇಲೆ ಆಗ್ತದೆ. ತಪ್ಪಾದ ಪಿನ್ನು ಚೀಟಿ ಇಲ್ದೆ ಒಳ್ಳೆ ಪಿನ್ನಿನ ಜೊತೆ ಬೆರೆತೋಯ್ತು ಅಂತಿಟ್ಕೋ, ನೋಡಕ್ಕೆ ಎಲ್ಲಾ ಒಂದೇ ತರ ಒಳೀತಾವೆ. ಎಲ್ಲೋ ಘಾಟಿ ಇಳಿಯುವಾಗ ಲಾರಿ ಬ್ರೇಕು ಕೈ ಕೊಡ್ತದೆ. ಅದಕ್ಕೇ ಕಂಡ ತಕ್ಷಣ ಕಟ್ಟಿಬಿಡ್ಬೇಕು. ಒಳಗೆ ಮಡಿಕೊಂಡಿರ್ಬಾರ್ದು.”

ಹೀಗೆ ಹೇಳಿ ನನ್ನನ್ನೇ ನೋಡಿದರು. ನಾನು ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆಮೇಲೆ ಶುರುವಾಯಿತು ಪಾಠ. ಮೊದಲ ಪರಮಪ್ರಸಾದಕ್ಕೆ ತಯಾರಾಗುವ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡಲು ಜನ ಬೇಕಾಗಿತ್ತು. ಭಾವನವರು ನಾನಿದ್ದೇನೆ ಎಂದರು. ಚರ್ಚಿನ ಸಭಾಂಗಣ ಸೋರುತ್ತದೆ, ನಮ್ಮ ಜಗಲಿಯಲ್ಲೇ ಮಾಡೋಣ ಎಂದೂ ಅವರೇ ಹೇಳಿದರು. ಶನಿವಾರ ಮಧ್ಯಾಹ್ನ ಮೂರಕ್ಕೆ ಪಾಠ, ಐದಕ್ಕೆ ಚರ್ಚಿನಲ್ಲಿ ಪಾಪನಿವೇದನೆ. ಹದಿನಾಲ್ಕು ಮಕ್ಕಳು, ಇಪ್ಪತ್ತೆಂಟು ಚಪ್ಪಲಿ, ಒಂದು ಕೊಡ ನೀರು. ನಾನು ವಾರವೆಲ್ಲ ದುಡಿದು ಶನಿವಾರ ಮಧ್ಯಾಹ್ನ ಒಂದಿಷ್ಟು ಅಡ್ಡಾಗೋಣ ಎಂದರೆ ಕಿಟಕಿಯಾಚೆ ಆದಾಮ, ಏವೆ, ಸರ್ಪ! ಸಾಕಪ್ಪಾ ಸಾಕು ಎನಿಸುತ್ತಿತ್ತು. ಪಾಠ ನಡೆಯುತ್ತಿದ್ದದ್ದು ಸರಿಯಾಗಿ ಅಡುಗೆಮನೆಯ ಕಿಟಕಿಯ ಕೆಳಗೆ. ಜಗಲಿಯಲ್ಲಿ ಅಷ್ಟು ಜಾಗವಿದ್ದರೂ ಅಲ್ಲೇ ಯಾಕೆ ಕೂರುತ್ತಾರೆ ಎಂದು ನಾನು ಬಹಳ ದಿನ ಯೋಚಿಸಲಿಲ್ಲ.

ಒಂದು ಶನಿವಾರ ಜನ್ಮಪಾಪದ ಪಾಠ. ಆದಾಮ ಹಣ್ಣು ತಿಂದದ್ದಕ್ಕೆ ಹುಟ್ಟುವ ಪ್ರತಿಯೊಂದು ಮಗುವಿಗೂ ಪಾಪ ಹೇಗೆ ತಗುಲುತ್ತದೆ? ದೊಡ್ಡ ದೊಡ್ಡ ಪಂಡಿತರು ಪುಸ್ತಕ ಬರೆದು ಸೋತ ವಿಷಯವಂತೆ. ಭಾವನವರು ಪುಸ್ತಕ ಬರೆಯಲಿಲ್ಲ. ನನ್ನ ಚಕ್ಕುಲಿ ಒರಳಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು, ಅದರ ನಕ್ಷತ್ರದ ಒಂದು ಹಲ್ಲನ್ನು ಅರದಿಂದ ಉಜ್ಜಿಹಾಕಿದರು! ನನ್ನ ತವರಿನಿಂದ ಬಂದ ಒರಳು ಅದು. ಆಮೇಲೆ ಏನೂ ಅರಿಯದವರಂತೆ, “ಮಕ್ಕಳಿಗೆ ಒಂದ್ನಾಕು ಚಕ್ಕುಲಿ ಮಾಡಮ್ಮ” ಎಂದರು. ನಾನು ಮಾಡಿದೆ. ಸುತ್ತಿದ ಚಕ್ಕುಲಿಗೆಲ್ಲ ಒಂದು ಕಡೆ ಬೋಳು.

“ನೋಡ್ರಪ್ಪಾ,” ಎಂದರು ಭಾವ, ಒಂದನ್ನು ಎತ್ತಿ ಹಿಡಿದು. “ಇಟ್ಟು ಚೆನ್ನಾಗೈತೆ, ಎಣ್ಣೆ ಚೆನ್ನಾಗೈತೆ, ಕರಿದ ಕೈ ಚೆನ್ನಾಗೈತೆ. ಆದ್ರೂ ಒಂದು ಅಲ್ಲು ಇಲ್ಲ. ಚಕ್ಕುಲಿ ಏನಾದ್ರೂ ತಪ್ಪು ಮಾಡ್ತಾ?”

“ಇಲ್ಲಾ ತಾತಾ!”

“ಬಿಲ್ಲೇಲೇ ಏಟು ಬಿದ್ದೈತೆ. ಅದ್ರಿಂದ ಬಂದಿದ್ದೆಲ್ಲಾ ಇಂಗೇ. ಅದೇ ಜನ್ಮಪಾಪ.”

ಒಂದು ಹುಡುಗಿ ಅಷ್ಟರಲ್ಲಿ ತನ್ನ ಪಾಲಿನದನ್ನು ಮುಗಿಸಿ ಬೆರಳು ನೆಕ್ಕುತ್ತಿದ್ದಳು. “ಆದ್ರೆ ತಿನ್ನಕ್ಕೆ ಸಕ್ಕತ್ತಾಗಿದೆ ತಾತ.”

ಭಾವನವರು ಕೈಯಲ್ಲಿದ್ದ ಚಕ್ಕುಲಿಯನ್ನು ತಿರುಗಿಸಿ ನೋಡಿ, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ, “ಅದೇ ಕಣವ್ವ ದೇವರ ಕೃಪೆ” ಎಂದರು. ಈ ಪಾಠ ಅವರು ಯೋಚಿಸಿಟ್ಟಿರಲಿಲ್ಲ ಎಂದು ಅವರ ಮುಖ ನೋಡಿಯೇ ತಿಳಿಯಿತು. ಕ್ರಿಸ್ಮಸ್ಸಿಗೆ ನಾನು ಕಳಿಸುವ ಚಕ್ಕುಲಿಗೆ ಒಂದು ಕಡೆ ಬೋಳು ಯಾಕೆ ಎಂದು ನೀವು ಕೇಳುತ್ತೀರಲ್ಲ, ಅದು ಹೀಗೆ. ಹೊಸ ಬಿಲ್ಲೆ ತರಬಹುದಿತ್ತು. ಯಾರು ಹೋಗಿ ಹುಡುಕುತ್ತಾರೆ!

ಇನ್ನೊಂದು ಶನಿವಾರ ಒಬ್ಬ ಹುಡುಗ ಕೇಳಿದ, “ತಾತ, ಕಾರ್ಖಾನೇಲಿ ಕೆಂಪು ಚೀಟಿ ಇರ್ತದೆ ಅಂದ್ರಲ್ಲ, ಅದು ಯಾರಿಗೆ ಕಟ್ಟೋದು?”

“ಅದು ದೇವರತ್ರ ಇಲ್ಲ ಕಣ್ಲಾ. ಅಲ್ಲಿ ಗುಜರಿ ಡಬ್ಬಾನೇ ಮಡಗಿಲ್ಲ. ಎಲ್ಲಾ ಹಳದಿನೇ.” ಇದನ್ನು ಹೇಳುವಾಗ ಅವರ ಧ್ವನಿ ಬೇಕೆಂದೇ ಸ್ವಲ್ಪ ಏರಿತು. ಕಿಟಕಿಯೊಳಗೆ ಕೇಳಲಿ ಎಂದು. ಕೇಳಿತು. ನಾನು ಅವರೆಕಾಯಿ ಸುಲಿಯುತ್ತಾ ಕುಳಿತೆ.

ಭಾವನವರ ಪಾಪನಿವೇದನೆಯ ಕಥೆ ನಿಮ್ಮ ಅಮ್ಮನಿಗೂ ಗೊತ್ತು. ಕಾರ್ಖಾನೆಯ ಪ್ರೆಸ್ ಮಿಷನ್ನಿನ ಸದ್ದಿಗೆ ಅವರ ಕಿವಿ ಮುಕ್ಕಾಲು ಹೋಗಿತ್ತು. ತಾವು ಪಿಸುಗುಟ್ಟುತ್ತಿದ್ದೇವೆ ಎಂದುಕೊಂಡು ಮಾತಾಡಿದರೆ ಹೊರಗಿನ ರಸ್ತೆಗೆ ಕೇಳುತ್ತಿತ್ತು. ಜಪಸರದ ಪ್ರಾರ್ಥನೆಗೆಂದು ಬಂದು ಕುಳಿತ ನನಗೂ, ಸಾಲಿನಲ್ಲಿ ನಿಂತವರಿಗೂ ಪ್ರತಿ ಅಕ್ಷರ ಕೇಳಿಸುತ್ತಿತ್ತು.

“ಫಾದರ್, ಮಂಗಳವಾರ ಬೆಳಗ್ಗೆ ಆರೂ ನಲವತ್ತು. ಜಾಗ, ಹಾಲಿನ ಬೂತು. ಒಬ್ಬರ ಮೇಲೆ ಸಿಟ್ಟು, ಒಂದು ಸಲ. ಕಾರಣ, ಸಾಲು ತಪ್ಪಿಸಿ ಮುಂದೆ ಬಂದ್ರು. ಮತ್ತೆ ಆಗದಂಗೆ ತಗೊಂಡ ಕ್ರಮ, ಇನ್ಮೇಲೆ ಆರೂವರೆಗೇ ಹೋಗ್ತೀನಿ.”

ಆ ಒಬ್ಬರು ಸಾಲಿನಲ್ಲಿ ಮೂರನೆಯವರಾಗಿ ನಿಂತಿದ್ದರು!

“ಪಾಪ ಹೇಳಿ ಸಾಕು, ಕಾರಣ ಬೇಡ,” ಎಂದು ಆಗಿನ ಫಾದರ್ ಬೇಡಿಕೊಂಡರು.

“ಕಾರಣ ಬರೀದೆ ಫೈಲು ಹೆಂಗೆ ಮುಚ್ತೀರ ಫಾದರ್?”

“ಅದನ್ನು ದೇವರು ಮುಚ್ತಾರೆ. ನೀವು ಎದ್ದೇಳಿ ದಯವಿಟ್ಟು!”

ಇನ್ನೊಬ್ಬರ ಪಾಪನಿವೇದನೆ ಕದ್ದು ಕೇಳುವುದೂ ಪಾಪವೇ. ಆದ್ದರಿಂದ ಭಾವನವರು ಒಬ್ಬರು ಹೇಳಿ ಎದ್ದರೆ ಸಾಲಿನಲ್ಲಿದ್ದ ಹನ್ನೆರಡು ಮಂದಿಗೂ ಹೇಳಿಕೊಳ್ಳಲು ಒಂದೊಂದು ಹೊಸ ಪಾಪ ಸಿಗುತ್ತಿತ್ತು.

ಇವರ ಕಾಟ ತಡೆಯಲಾರದೆ ಫಾದರ್ ಇವರಿಗೊಂದು ಕೆಲಸ ಕೊಟ್ಟರು. ಮಠದ ಸಿಸ್ಟರುಗಳು ಮಾಡಿ ಕಳಿಸುವ ಅಪ್ಪಗಳನ್ನು, ಅಂದರೆ ಪೂಜೆಯಲ್ಲಿ ಪರಮಪ್ರಸಾದವಾಗುವ ಆ ಬಿಳಿಯ ತೆಳು ಬಿಲ್ಲೆಗಳನ್ನು, ಡಬ್ಬದಿಂದ ತೆಗೆದು ಪಾತ್ರೆಗೆ ತುಂಬಿಡುವುದು. ಅಷ್ಟೇ. ಇದರಲ್ಲಿ ಏನು ತೊಂದರೆಯಾದೀತು ಹೇಳಿ? ಮುಂದಿನ ಭಾನುವಾರ ಇನ್ನೂರು ಜನ ಸೇರಿದ್ದಾರೆ, ಪಾತ್ರೆಯಲ್ಲಿ ನಲವತ್ತೋ ನಲವತ್ತೈದೋ! ಫಾದರ್ ಗಾಬರಿಯಾಗಿ ಒಳಗೆ ಹೋಗಿ ನೋಡಿದರೆ ಉಳಿದದ್ದೆಲ್ಲ ಒಂದು ತಟ್ಟೆಯಲ್ಲಿ ಪ್ರತ್ಯೇಕವಾಗಿ ಕುಳಿತಿವೆ, ಮೇಲೊಂದು ಹಳದಿ ಚೀಟಿ.

“ಅಂಚು ದುಂಡಗಿಲ್ಲ ಫಾದರ್. ಅಳತೆ ಹಾಕಿ ನೋಡಿದೀನಿ. ಸಿಸ್ಟರ್‌ಗೆ ವಾಪಸ್ ಕಳಿಸ್ಬೇಕು.”

ಫಾದರ್ ಆ ದಿನ ಸಿಟ್ಟಾಗಲಿಲ್ಲವಂತೆ. ಒಂದೇ ಮಾತು ಹೇಳಿದರಂತೆ: “ತಗೊಳ್ಳೋಕೆ ಬರೋರ ಪೈಕಿ ಯಾರ ಅಂಚು ದುಂಡಗಿದೆ, ಹೇಳಿ?” ಭಾವನವರು ಮನೆಗೆ ಬಂದು ಇದನ್ನು ನನಗೆ ಎರಡು ಸಲ ಹೇಳಿದರು. ಎರಡನೆಯ ಸಲ ಹೇಳುವಾಗ, “ಕೇಳಿಸ್ತಾ?” ಎಂದೂ ಕೇಳಿದರು. ಕೇಳಿಸಿತು ಭಾವ, ನನ್ನ ಕಿವಿ ಚೆನ್ನಾಗಿದೆ.

ಪಾಠ ಕೇಳಿಯೂ ನಾನು ಕಂಬದ ಮರೆಯಿಂದ ಏಳದಿದ್ದಾಗ ನೇರವಾಗಿ ತಪಾಸಣೆಗೆ ಇಳಿದರು. ಅಡುಗೆಮನೆಯ ಹೊಸ್ತಿಲಿನಾಚೆ ನಿಂತು, ಗೋಡೆ ನೋಡುತ್ತಾ, ವಾರಕ್ಕೊಂದು ಪ್ರಶ್ನೆ.

“ಎಮ್ಮೆ ಇದ್ದಾಗ ಆಲಿಗೆ ನೀರು ಬೆರೆಸಿದ್ಯೇನಮ್ಮಾ?”

“ಇಲ್ಲ ಭಾವ.” (ಆ ಎಮ್ಮೆಯ ಹಾಲು ಬಹಳ ಗಟ್ಟಿ. ಇದು ನಿಮಗೆ ಮಾತ್ರ ಹೇಳುತ್ತಿದ್ದೇನೆ.)

“ನಮ್ಮಮ್ಮನ ಮೇಲೆ ಸಿಟ್ಟು ಏನಾದ್ರೂ?”

“ಅತ್ತೆ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ ಭಾವ.”

“ಸತ್ತೋದೋರ ಮೇಲಿನ ಸಿಟ್ಟು ಇನ್ನೂ ಗಟ್ಟಿ ಕಣಮ್ಮ, ಅವರು ವಾಪಸ್ ಬಂದು ಜಗಳ ಆಡಿ ತೀರ್ಸಲ್ಲ. ಓಗ್ಲಿ, ಈ ಶನಿವಾರ ಬರ್ತೀಯಾ?”

“ನೋಡೋಣ ಭಾವ.”

ಎಷ್ಟು ಶನಿವಾರ ನೋಡೋಣ ಎಂದೆನೋ! ದೇವರ ಹತ್ತು ಆಜ್ಞೆಗಳೂ ಮುಗಿದವು, ಅವರಿಗೆ ಸಿಗಲಿಲ್ಲ. ನನ್ನದು ಅವರ ಪಟ್ಟಿಯಲ್ಲಿ ಇರಲಿಲ್ಲ.

ಮಕ್ಕಳೇ, ನಿಮ್ಮ ತಾತ ಪಾರ್ಶ್ವವಾಯು ಬಡಿದು ಹದಿನಾಲ್ಕು ತಿಂಗಳು ಮಲಗಿದ್ದರು. ನೀವು ಆಗ ಇನ್ನೂ ಚಿಕ್ಕವರು, ಕೆಲವರು ಹುಟ್ಟಿರಲಿಲ್ಲ. ಅವರಿಗೆ ಮಾತು ನಿಂತಿತ್ತು, ಬಲಗಡೆ ಸತ್ತಿತ್ತು. ಹಾಸಿಗೆಯಲ್ಲೇ ಎಲ್ಲವೂ. ದಿನಕ್ಕೆ ಮೂರು ಸಲ, ನಾಲ್ಕು ಸಲ ದುಪ್ಪಟಿ ಬದಲಿಸಬೇಕು, ಒಗೆಯಬೇಕು. ಬೋರ್‌ವೆಲ್ಲಿನಲ್ಲಿ ನೀರು ಬರುತ್ತಿರಲಿಲ್ಲ, ಟ್ಯಾಂಕರಿಗೆ ಕಾಯಬೇಕು. ಭಾವನವರು ಗೋಡೆಯಾಚೆಯೇ ಇದ್ದರು. ಎರಡನೆಯ ಪಾಳಿ ಹಾಕಿದ್ದಾರೆ, ಮಧ್ಯಾಹ್ನ ಹೋದರೆ ಬರುವುದು ಹೊತ್ತಾಗುತ್ತದೆ ಎಂದು ಹೇಳಿಕಳಿಸಿದ್ದರು. ಕಿತ್ತಳೆ ಹಣ್ಣು ತಂದು ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ದುಡಿಯುವ ಗಂಡಸು, ಏನು ಮಾಡಿಯಾರು ಎಂದು ನಾನೂ ಸುಮ್ಮನಿದ್ದೆ.

ಒಂದು ಮಧ್ಯಾಹ್ನ, ಬಿಸಿಲು ಸುಡುತ್ತಿತ್ತು. ಆ ದಿನದ ನಾಲ್ಕನೆಯ ದುಪ್ಪಟಿ. ಬಕೆಟ್ಟಿನ ತಳದಲ್ಲಿ ನೀರು. ಒಗೆಯುವ ಕಲ್ಲಿನ ಮುಂದೆ ಕುಳಿತವಳಿಗೆ ಏಳುವುದಕ್ಕೆ ಆಗಲಿಲ್ಲ. “ಇವತ್ತಿಗೆ ಇದನ್ನು ಮುಗಿಸು ದೇವರೇ” ಎಂದುಬಿಟ್ಟೆ. ಬಾಯಿಬಿಟ್ಟೇ ಅಂದೆ. ನಿಮ್ಮ ತಾತ ಒಳಗೆ ಎಚ್ಚರವಾಗಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. 

ಒಂಬತ್ತು ದಿನಕ್ಕೆ ಹೋಗಿಬಿಟ್ಟರು.

ಇದನ್ನು ನನ್ನ ಮಗನ ವಯಸ್ಸಿನ ಫಾದರ್ ಹತ್ತಿರ ಹೇಗೆ ಹೇಳುವುದು? ಗಂಡನ ಸಾವು ಬೇಡಿಕೊಂಡೆ ಎಂದು? ಅದಕ್ಕೇ ಕಂಬದ ಮರೆ. ಅಲ್ಲಿ ಕುಳಿತೂ ಕುಳಿತೂ ನನಗೆ ದುಃಖವೂ ಹೋಗಿ ಬರೀ ದಣಿವು ಉಳಿದಿತ್ತು.

ಆರನೆಯ ವರ್ಷ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಶನಿವಾರ. ಕಿಟಕಿಯಾಚೆ ಪಾಠ ನಡೆದಿತ್ತು. ಮಾಡಿದ್ದು ಮಾತ್ರ ಪಾಪವಲ್ಲ, ಮಾಡಬೇಕಾದದ್ದನ್ನು ಮಾಡದೆ ಬಿಡುವುದೂ ಪಾಪ ಎಂಬ ಪಾಠ. ಆ ದಿನ ಭಾವನವರು ಕೈಯಲ್ಲಿ ಏನೂ ಹಿಡಿದಿರಲಿಲ್ಲ. ಸದ್ಯ, ನನ್ನ ಪಾತ್ರೆಗಳು ಉಳಿದವು ಎಂದುಕೊಂಡೆ.

“ಏನೂ ಮಾಡ್ದೆ ಸುಮ್ನೆ ಕೂತಿದ್ರೆ ಪಾಪ ಹೆಂಗಾಗ್ತದೆ ತಾತ?” ಎಂದು ಒಬ್ಬ ಕೇಳಿದ.

“ಈಗ ನೋಡಪ್ಪಾ, ಒಬ್ಬ ಇದ್ದ. ಅವನಿಗೊಬ್ಬ ತಮ್ಮ. ತಮ್ಮನಿಗೆ ಉಷಾರಿರಲಿಲ್ಲ...”

ಅಲ್ಲಿಗೆ ನಿಂತಿತು. ಮಕ್ಕಳು ಕಾದರು. ನಾನೂ ಕಾದೆ. ಭಾವನವರು ಕೆಮ್ಮಿದರು, ಮತ್ತೆ “ಒಬ್ಬ ಇದ್ದ” ಎಂದರು. ಮತ್ತೆ ನಿಂತರು. ಆಮೇಲೆ, “ಇವತ್ತಿಗೆ ಸಾಕು, ಮನೆಗೋಗ್ರಪ್ಪಾ” ಎಂದುಬಿಟ್ಟರು. ಅರ್ಧ ಗಂಟೆ ಮುಂಚೆ ಪಾಠ ಬಿಟ್ಟದ್ದು ಅದೇ ಮೊದಲು. ಮಕ್ಕಳು ಇದ್ದಬದ್ದ ಚಪ್ಪಲಿ ಸಿಕ್ಕಿಸಿಕೊಂಡು ಓಡಿದರು.

ಭಾವನವರು ಹೊಸ್ತಿಲ ಬಳಿ ಬಂದು ನಿಂತರು. ಗೋಡೆ ನೋಡಲಿಲ್ಲ. ನೆಲ ನೋಡಿದರು.

“ಏನಮ್ಮಾ.”

“ಏನು ಭಾವ?”

“ಎರಡನೇ ಪಾಳಿ ಅವರಾಗಿ ಆಕಿದ್ದಲ್ಲ. ನಾನೇ ಕೇಳಿ ಆಕಿಸ್ಕೊಂಡಿದ್ದು.”

ಅಷ್ಟು ಜೋರಾಗಿ ಮಾತಾಡುವ ಮನುಷ್ಯ ಎಷ್ಟು ಮೆಲ್ಲಗೆ ಹೇಳಿದರೆಂದರೆ ನಾನು ಒಲೆ ಆರಿಸಿ ಹತ್ತಿರ ಹೋಗಬೇಕಾಯಿತು.

“ಅವನು ಅಂಗೆ ಮಲಗಿರೋದು ನೋಡಕ್ಕಾಗ್ಲಿಲ್ಲ ನನ್ ಕೈಲಿ. ಚಿಕ್ಕೋನಿದ್ದಾಗ ನಾನೇ ಎತ್ಕೊಂಡ್ ತಿರುಗ್ತಿದ್ದೆ. ಬೆಳಗ್ಗೆ ಒತ್ತೆಲ್ಲಾ ಮನೇಲೇ ಇರ್ತಿದ್ದೆ ಕಣಮ್ಮ, ಗೋಡೆ ಆಚೆ. ನೀನು ಬಟ್ಟೆ ಒಗೆಯೋ ಸದ್ದು ಕೇಳ್ತಿತ್ತು. ಯಾವ ಸದ್ದೂ ಕೇಳದ ಕಿವಿ ಇದು. ಅದೊಂದು ಕೇಳ್ತಿತ್ತು. ಎದ್ದು ಬರ್ಲಿಲ್ಲ.”

ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸುತ್ತಾ ಮುಂದುವರಿಸಿದರು.

“ವಾರ ವಾರ ಏನೇನೋ ಏಳ್ದೆ ಫಾದರ್ ಅತ್ರ, ಆಲಿನ ಬೂತು, ಬಸ್ಸು ಅಂತ. ಇದೊಂದು ಏಳಲಿಲ್ಲ. ದೇವರು ಕ್ಷಮಿಸ್ತಾನೆ, ಅದು ಗೊತ್ತು. ಮೊದ್ಲು ನಿನ್ನ ಕೇಳ್ಬೇಕಿತ್ತು. ನಿನ್ನ ಕೇಳಕ್ಕೆ ಧೈರ್ಯ ಬರ್ಲಿಲ್ಲ. ನಿನ್ನ ಪಾಪ ಹುಡುಕ್ತಾ ಕೂತೆ.”

ಕ್ಷಮಿಸಿದೆ ಭಾವ ಎಂದು ಹೇಳಬೇಕಿತ್ತು. ಬಾಯಿಂದ ಬೇರೆಯೇ ಬಂತು. ಆ ಮಧ್ಯಾಹ್ನ, ನಾಲ್ಕನೆಯ ದುಪ್ಪಟಿ, ನಾನು ಅಂದ ಮಾತು, ಆಮೇಲಿನ ಒಂಬತ್ತು ದಿನ. ಆರು ವರ್ಷ ಒಳಗೇ ಇದ್ದದ್ದು ಸೌಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದುಬಿಟ್ಟಿತು. ಹೇಳಿ ಮುಗಿಸಿ, ಈಗ ಇವರು ಇದು ಯಾವ ಜಾತಿಯ ಪಾಪ, ಎಷ್ಟು ದಪ್ಪ ಎಂದು ಹೇಳುತ್ತಾರೆ ಎಂದು ಕಾದೆ.

ಭಾವನವರು ಅಳತೆ ತೆಗೆಯಲಿಲ್ಲ.

“ಅವತ್ತು ಬೆಳಗ್ಗೆ ನಾನು ಎದ್ದು ಬಂದು ಎರಡು ಬಟ್ಟೆ ಒಗೆದಿದ್ರೆ ನೀನು ಅಂಗೆ ಬೇಡ್ಕೊಂತಿರ್ಲಿಲ್ಲ,” ಎಂದರು. “ಅದ್ರಲ್ಲಿ ಅರ್ಧ ನಂದು ಕಣಮ್ಮ.”

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಸೌಟು ಕೆಳಗಿಟ್ಟೆ. ಗಂಟೆ ಐದಾಗುತ್ತಾ ಬಂದಿತ್ತು. “ನಡೀರಿ ಭಾವ,” ಎಂದೆ.

ಒಳಗೆ ಏನು ನಡೆಯಿತೆಂದು ಹೇಳುವ ಹಾಗಿಲ್ಲ. ಆರು ವರ್ಷ ನಾನು ಬೆಟ್ಟ ಹೊರಿಸುತ್ತಾರೆ ಎಂದುಕೊಂಡಿದ್ದೆ. ಫಾದರ್ ಪ್ರಾಯಶ್ಚಿತ್ತವೆಂದು ನಾವು ದಿನಾ ಹೇಳುವ ಪರಲೋಕ ಮಂತ್ರ ಒಂದು ಹೇಳಿಕೊಳ್ಳಿ ಎಂದರು. ಒಂದೇ ಒಂದು! ಕೇಳಿದ್ದು ತಪ್ಪಾಯಿತೇನೋ ಎಂದು ಮೂರು ಹೇಳಿದೆ. ನನ್ನ ಹಿಂದೆ ಭಾವನವರು ಹೋದರು. ಆ ದಿನ ಸಾಲಿನಲ್ಲಿದ್ದ ಯಾರಿಗೂ ಒಂದಕ್ಷರವೂ ಕೇಳಿಸಲಿಲ್ಲ. ಜನಕ್ಕೆ ನಿರಾಸೆಯಾಗಿರಬೇಕು.

ಮರುದಿನ ಪೂಜೆಯಲ್ಲಿ ಎದ್ದು ಸಾಲಿಗೆ ಸೇರಿಕೊಂಡೆ. ಮೊಣಕಾಲು ಲಟಕ್ಕೆಂದಿತು, ನಾಲ್ಕು ಜನ ತಿರುಗಿ ನೋಡಿದರು. ಭಾವನವರು ಮಾತ್ರ ನನ್ನನ್ನು ನೋಡಲಿಲ್ಲ. ಮೇಲೆ ಫ್ಯಾನು ತಿರುಗುವುದನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದರು. ಅವರ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

ಮಗಳೇ, ಇದನ್ನು ನಿನ್ನ ಗೆಳತಿಯರಿಗೆ ಹೇಗೆ ಹೇಳುತ್ತೀಯೋ ನನಗೆ ತಿಳಿಯದು. ನಿನಗೆ ಬೇಕಾದಷ್ಟು ತೆಗೆದುಕೊ. ನನಗೆ ಗೊತ್ತಿರುವುದರಲ್ಲಿ ಇನ್ನು ಸ್ವಲ್ಪ ಉಳಿದಿದೆ, ಅದನ್ನೂ ಹೇಳಿ ಮುಗಿಸುತ್ತೇನೆ.

ಅದರ ಮರುದಿನ ಸೋಮವಾರ. ಬೆಳಗ್ಗೆ ನಾನು ನೆನೆಸಿಟ್ಟ ದುಪ್ಪಟಿಗಳನ್ನು ಒಗೆಯಲು ಹಿತ್ತಲಿಗೆ ಹೋದರೆ ಕಲ್ಲಿನ ಮುಂದೆ ಭಾವನವರು! ಲುಂಗಿ ಎತ್ತಿಕಟ್ಟಿ, ಅರವತ್ತು ದಾಟಿದ ಮನುಷ್ಯ, ಬಗ್ಗಲಾರದೆ ಬಗ್ಗಿ, ದುಪ್ಪಟಿಯನ್ನು ಕಲ್ಲಿಗೆ ಬಡಿಯುತ್ತಿದ್ದಾರೆ. ತಮ್ಮನ ಹೆಂಡತಿಯ ಮನೆಯ ಬಟ್ಟೆಯನ್ನು ಭಾವ ಒಗೆಯುವುದೇ! ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತೆ. ಮಹಡಿಯ ಮೆಟ್ಟಿಲಿನಿಂದ ಟೀಚರಮ್ಮ ಬಗ್ಗಿ ನೋಡಿದರು.

“ಏನ್ರೀ ಅಣ್ಣಾರ, ಇದ್ಯಾವ ಹೊಸಾ ವ್ರತರೀ?”

“ಒಸದಲ್ಲ ಕಣ್ರೀ ಮೇಡಂ,” ಎಂದರು ಭಾವ, ತಿರುಗದೆ. “ಬಾಳ ತಡವಾಯ್ತು.”

ಅಂದಿನಿಂದ ಸೋಮವಾರ ತಪ್ಪಿಸಿಲ್ಲ. ನಿಮ್ಮಮ್ಮ ವಾಷಿಂಗ್ ಮಿಷನ್ ತಂದುಕೊಟ್ಟು ಮೂರು ವರ್ಷವಾಯಿತು. ಆದರೂ ನಾನು ಎರಡು ದುಪ್ಪಟಿ ಅದಕ್ಕೆ ಹಾಕದೆ ಬಕೆಟ್ಟಿನಲ್ಲಿ ನೆನೆಸಿಡುತ್ತೇನೆ. ಈಗ ಅವರಿಗೆ ಎಪ್ಪತ್ತರ ಹತ್ತಿರ. ಒಗೆಯುವುದು ಅವರಿಗೆ ಬರುವುದೇ ಇಲ್ಲ. ನೊರೆ ಹಾಗೇ ಉಳಿದಿರುತ್ತದೆ, ಹಿಂಡುವುದಕ್ಕೆ ಕೈಯಲ್ಲಿ ಶಕ್ತಿಯಿಲ್ಲ, ಅಂಚೆಲ್ಲ ಮಣ್ಣು. ಅಷ್ಟು ತಪ್ಪು ಹುಡುಕುವ ಕಣ್ಣಿಗೆ ಅದೊಂದು ಕಾಣುವುದಿಲ್ಲ. “ಬೆಳ್ಳಗಾಯ್ತು ನೋಡಮ್ಮ” ಎಂದು ಒದ್ದೆ ಕೈ ಒರೆಸಿಕೊಂಡು ಹೋಗುತ್ತಾರೆ. ನಾನು “ಹೂಂ ಭಾವ, ಚೆನ್ನಾಗಾಯ್ತು” ಎನ್ನುತ್ತೇನೆ. ಅವರ ಬಾಗಿಲು ಮುಚ್ಚಿದ ಮೇಲೆ ಆ ದುಪ್ಪಟಿಗಳನ್ನು ತಂದು, ಸದ್ದಾಗದಂತೆ ಇನ್ನೊಂದು ಸಲ ಜಾಲಿಸಿ, ಹಿಂಡಿ ಹರವುತ್ತೇನೆ.

ಈ ಸುಳ್ಳನ್ನು ನಾನು ಇದುವರೆಗೂ ಪಾಪನಿವೇದನೆಯಲ್ಲಿ ಹೇಳಿಲ್ಲ. ಹೇಳುವುದೂ ಇಲ್ಲ.